ಮೊದಲ ತುತ್ತು

ನಿನ್ನೆ ಮೊಮ್ಮಗನ ಹೊಟ್ಟೆ ಕೆಟ್ಟಿತ್ತು. ತಂಬುಳಿ ಮಾಡಲೆಂದು ಸೊಸೆ ಒಣಗಿದ ದಾಳಿಂಬೆ ಸಿಪ್ಪೆಯನ್ನು ಜೀರಿಗೆಯೊಂದಿಗೆ ತುಪ್ಪದಲ್ಲಿ ಹುರಿಯುತ್ತಿದ್ದಳು. ಆ ಒಗರು ಪರಿಮಳ ಜಗಲಿಗೆ ಬಂದದ್ದೇ ತಡ, ನನಗೆ ರಾಮಕುಂಜದ ಅಕ್ಕ ನೆನಪಾದರು. ಒಡಹುಟ್ಟಿದವರಲ್ಲ, ಬೇಲಿಯಾಚೆ ಮನೆಯ ಮಾಷ್ಟ್ರ ಹೆಂಡತಿ. ಅವರ ತಲೆಗೆ ಅಪವಾದ ಕಟ್ಟಿದ್ದು ಇದೇ ಪರಿಮಳ...

ನಾನು ಮದುವೆಯಾಗಿ ಅಲ್ಲಿಗೆ ಹೋದದ್ದು ಅರವತ್ತರ ದಶಕದ ಮೊದಲಿಗೆ. ಮಾಷ್ಟ್ರು ಆಗಲೇ ಎಲುಬು ಚರ್ಮವಾಗಿದ್ದರು. ಪಾಠದ ಮಧ್ಯೆ ಎದ್ದು ಗುಡ್ಡೆಗೆ ಓಡುತ್ತಿದ್ದರು. ವರ್ಷಗಟ್ಟಲೆ ಭೇದಿ, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಮಾಷ್ಟ್ರ ಮರ್ಯಾದೆಯ ಪ್ರಶ್ನೆ ನೋಡಿ, ಅಕ್ಕ ಯಾರಿಗೂ ಹೇಳುತ್ತಿರಲಿಲ್ಲ. ಹಿತ್ತಿಲ ಬಾಗಿಲು ಹಾಕಿಕೊಂಡು ಕಲ್ಲಿನಲ್ಲಿ ಏನೋ ಅರೆಯುತ್ತಿದ್ದರು.

"ಎಂತ ಅಕ್ಕಾ ಅರೆಯುದು?" ಎಂದು ಬೇಲಿಯಿಂದ ಕೇಳಿದರೆ, "ಎಂತದ್ದೂ ಇಲ್ಲ ಮಾರಾಯ್ತಿ" ಎನ್ನುತ್ತಿದ್ದರು. ಎಂತದ್ದೂ ಇಲ್ಲದೆ ಯಾರಾದರೂ ಬಾಗಿಲು ಹಾಕಿಕೊಂಡು ಅರೆಯುತ್ತಾರಾ? ನನ್ನದು ಮೊದಲೇ ಸಂಶಯದ ಬುದ್ಧಿ. ಆದರೆ ನಾನು ಸಂಶಯಪಟ್ಟರೆ ನೇರ ಹೋಗಿ ಪಾತ್ರೆಗೆ ಮೂಗು ಹಾಕುವವಳು. ಹಾಕಿದೆ. ದಾಳಿಂಬೆ ಸಿಪ್ಪೆ! "ಯಾರಲ್ಲಿಯೂ ಹೇಳಬೇಡ" ಎಂದು ಅಕ್ಕ ನನ್ನ ಕೈ ಹಿಡಿದುಕೊಂಡರು.

ಆಮೇಲೆ ಮಾಷ್ಟ್ರ ತಲೆಯೂ ಕಾಲೂ ಕೈಕೊಡತೊಡಗಿದವು. ಬೋರ್ಡಿನ ಮೇಲೆ ಅಷ್ಟು ಚೆಂದ ಇದ್ದ ಅಕ್ಷರ ಓರೆಯಾಗಿ ಕೆಳಗಿಳಿಯುತ್ತಿತ್ತು. ಮಗ್ಗಿಯನ್ನು ಅರ್ಧಕ್ಕೆ ನಿಲ್ಲಿಸಿ ಮಕ್ಕಳ ಮುಖ ನೋಡುತ್ತಿದ್ದರು. ಕಾಲಿನಿಂದ ಚಪ್ಪಲಿ ಜಾರಿದ್ದು ಗೊತ್ತಾಗದೆ ಬರಿಗಾಲಲ್ಲಿ ಮನೆ ಸೇರುತ್ತಿದ್ದರು. ಮುಖ ತೊಳೆಯಲು ಕಣ್ಣು ಮುಚ್ಚಿದರೆ ಓಲಾಡಿ ಬೀಳುತ್ತಿದ್ದರು. ಮಾಷ್ಟ್ರು ಕಳ್ಳು ಕುಡಿಯುತ್ತಾರೆ ಎಂದಿತು ಊರು.

ಆ ಮಾತು ಕಿವಿಗೆ ಬಿದ್ದು ನರಿಮೊಗರಿನಿಂದ ಮಾಷ್ಟ್ರ ತಂಗಿ ಬಂದಳು. ಅಬ್ಬಬ್ಬಾ, ಆ ಹೆಂಗಸಿನ ಕಣ್ಣು! ಅಣ್ಣನ ಮುಖ ನೋಡುವ ಮೊದಲು ಅಡುಗೆಮನೆಯ ಮೂಲೆ ಮೂಲೆ ನೋಡಿದಳು. ಅರೆಯುವ ಕಲ್ಲಿಗೆ ಅಂಟಿದ್ದ ಕಂದು ಬಣ್ಣದ್ದನ್ನು ಬೆರಳಲ್ಲಿ ತೆಗೆದು ಮೂಸಿದಳು.

"ಅಣ್ಣಾ, ಇವಳು ನಿನಗೆ ಮದ್ದು ಹಾಕಿದ್ದಾಳೆ" ಎಂದಳು.

ನಮ್ಮಲ್ಲಿ ಮದ್ದು ಹಾಕುವುದೆಂದರೆ ಅನ್ನದಲ್ಲಿ ಕೈವಿಷ ಬೆರೆಸುವುದು. ಗಂಡನನ್ನು ಮುಷ್ಟಿಯಲ್ಲಿ ಇಟ್ಟುಕೊಳ್ಳಲು ಹೆಂಡತಿ ಹಾಕುತ್ತಾಳಂತೆ, ಅದು ಹೊಟ್ಟೆಯಲ್ಲಿ ಕೂತು ಬುದ್ಧಿಯನ್ನು ತಿನ್ನುತ್ತದಂತೆ. ಅಕ್ಕನ ತವರು ಕಾಸರಗೋಡಿನ ಆಚೆ, ಮಲಯಾಳ ಮಾತಾಡುವ ಊರು. ಮಾಟ, ಮದ್ದು ಎಲ್ಲ ಮಲಯಾಳದ ಕಡೆಯದ್ದೆಂದು ನಂಬುವವರಿಗೆ ಅಷ್ಟು ಸಾಕಾಯಿತು.

"ಅದು ಹೊಟ್ಟೆ ಕಟ್ಟಲಿಕ್ಕೆ ದಾಳಿಂಬೆ ಸಿಪ್ಪೆ" ಎಂದೆ ನಾನು.

"ನಿನಗೆ ಹೇಗೆ ಗೊತ್ತು? ನಿನ್ನದೂ ಪಾಲು ಉಂಟಾ?" ಎಂದು ನನ್ನ ಮೇಲೆಯೇ ತಿರುಗಿದಳು.

ನಾಲ್ಕಕ್ಷರ ಕಲಿಸುವ ಮನುಷ್ಯ, ತಂಗಿಯ ಬಾಯಿ ಮುಚ್ಚಿಸಬಹುದಿತ್ತು. ಅದರ ಬದಲು ಮಾಷ್ಟ್ರು ಮುಂದಿದ್ದ ಊಟದ ಬಟ್ಟಲನ್ನು ದೂಡಿ ಎದ್ದರು. ಅಂದಿನಿಂದ ತಂಗಿ ಬೇಯಿಸಿದ್ದನ್ನೇ ಉಂಡರು. ಅಕ್ಕ ತನ್ನ ಒಲೆಯ ಹತ್ತಿರ ತಾನೇ ಹೋಗುವಂತಿರಲಿಲ್ಲ. ಮದ್ದು ಕಕ್ಕಿಸುವವನೊಬ್ಬ ಬಂದು ಏನೋ ಕುಡಿಸಿದ. ಮಾಷ್ಟ್ರು ಕಕ್ಕಿ ಕಕ್ಕಿ ನೆಲ ಹಿಡಿದರು. ಕಕ್ಕಿದ್ದರಲ್ಲಿ ಹೆಂಗಸಿನ ಕೂದಲು ಇದೆಯೆಂದು ಅವನು ಎತ್ತಿ ತೋರಿಸಿದ. ಅದು ಅವನ ಬೆರಳ ಸಂದಿಯಿಂದಲೇ ಬಂದದ್ದೆಂದು ನನಗೆ ಇಂದಿಗೂ ಸಂಶಯ. ಇನ್ನು ಇವಳನ್ನು ತವರಿಗೆ ಬಿಟ್ಟು ಬರುವುದೇ ಎಂದು ತಂಗಿ ಹಟ ಹಿಡಿದಳು.

ಅಷ್ಟರಲ್ಲಿ ಮಾಷ್ಟ್ರು ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡರು. ನನ್ನ ಗಂಡ ಅವರನ್ನು ಬಸ್ಸಿನಲ್ಲಿ ಪುತ್ತೂರಿಗೆ ಕರೆದೊಯ್ದರು. ಅಕ್ಕನನ್ನು ಎಳೆದುಕೊಂಡು ನಾನೂ ಹೋದೆ. ಡಾಕ್ಟರರು ಗಾಯಕ್ಕೆ ಕಟ್ಟು ಹಾಕಿ, ಮಾಷ್ಟ್ರಿಗೆ ಕಾಲು ಜೋಡಿಸಿ ನಿಂತು ಕಣ್ಣು ಮುಚ್ಚಲು ಹೇಳಿದರು. ಮಾಷ್ಟ್ರು ಕಡಿದ ಬಾಳೆಯಂತೆ ನನ್ನ ಗಂಡನ ಮೈಮೇಲೆ ಬಿದ್ದರು. ಹೊಟ್ಟೆಯ ವಿಚಾರ ಕೇಳಿದಾಗ ಅವರು ತಲೆ ತಗ್ಗಿಸಿದರು. ಅಕ್ಕನೇ ಎಲ್ಲ ಹೇಳಿದರು.

"ಇದು ಕುಡಿದದ್ದೂ ಅಲ್ಲ, ಮದ್ದೂ ಅಲ್ಲ ಮಾರಾಯ್ರೆ" ಎಂದರು ಡಾಕ್ಟರರು. "ಸಂಗ್ರಹಣಿ. ಉಂಡದ್ದರ ಸತ್ವವನ್ನು ಕರುಳು ಹಿಡಿಯುದಿಲ್ಲ. ಮತ್ತೆ ನರಕ್ಕೆ, ತಲೆಗೆ ಎಂತ ಸಿಗುದು? ಇವರು ಹೇಳದಿದ್ದರೆ ನನಗೂ ಗೊತ್ತಾಗ್ತಿರಲಿಲ್ಲ."

ಕೆಂಪು ಇಂಜೆಕ್ಷನ್, ಹಳದಿ ಮಾತ್ರೆ ಶುರುವಾಯಿತು. ಮೆಲ್ಲ ಮೆಲ್ಲ ಭೇದಿ ನಿಂತಿತು, ಮಗ್ಗಿ ಕೊನೆಯವರೆಗೆ ಬಂತು. ಪಾದದ ಜೋಮು ಮಾತ್ರ ಪೂರ್ತಿ ಹೋಗಲಿಲ್ಲ. ತಂಗಿ ಮುಖ ಊದಿಸಿಕೊಂಡು ಊರಿಗೆ ಹೋದಳು. ಅಕ್ಕ ಮತ್ತೆ ಒಲೆ ಹಚ್ಚಿದ ದಿನ ನನಗೆಷ್ಟು ಖುಷಿ! ಉಪ್ಪಿನಕಾಯಿ ಹಿಡಿದುಕೊಂಡು ಓಡಿದ್ದೆ. ಅಕ್ಕ ಗಂಡನಿಗೆ ಅನ್ನ ಬಡಿಸಿದರು. ಮಾಷ್ಟ್ರು ಬಟ್ಟಲನ್ನೇ ನೋಡಿದರು... ಮತ್ತೆ ಅದನ್ನು ಹೆಂಡತಿಯ ಕಡೆಗೆ ಸರಿಸಿದರು.

"ಮೊದಲ ತುತ್ತು ನೀನು ಉಣ್ಣು" ಎಂದರು.

ಅಕ್ಕ ಉಂಡರು. ನುಂಗಿದೆನೆಂದು ಬಾಯಿ ತೆರೆದು ತೋರಿಸಿದರು. ಆಮೇಲೆ ಮಾಷ್ಟ್ರು ಉಂಡರು. ನನಗೆ ಮೈಯೆಲ್ಲ ಉರಿಯಿತು. ಮತ್ತೆ ಮಾಷ್ಟ್ರು ಬದುಕಿದ್ದಷ್ಟು ಕಾಲ ಆ ಮನೆಯ ಊಟ ಹಾಗೆಯೇ ನಡೆಯಿತು.

ನಾವು ಆಮೇಲೆ ಸುಳ್ಯಕ್ಕೆ ಬಂದೆವು. ಮಾಷ್ಟ್ರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಒಮ್ಮೆ ಅಕ್ಕನನ್ನು ನೋಡಲು ಹೋಗಿದ್ದೆ. ನನ್ನನ್ನು ಕಂಡ ಸಂತೋಷಕ್ಕೆ ಪಾಯಸ ಮಾಡಿದರು. ಲೋಟವನ್ನು ನನ್ನ ಕೈಗೆ ಕೊಡುವ ಮೊದಲು ತಾವೊಂದು ಗುಟುಕು ಕುಡಿದರು, ಬಾಯಿ ತೆರೆದು ತೋರಿಸಿದರು, ಆಮೇಲೆ ನಗುತ್ತಾ ಲೋಟ ಚಾಚಿದರು. ತಾವು ಏನು ಮಾಡಿದೆವೆಂದು ಅವರಿಗೆ ಗೊತ್ತೇ ಇರಲಿಲ್ಲ. ನಾನು ಪೂರ್ತಿ ಕುಡಿದು, "ಇನ್ನೊಂದು ಲೋಟ ಕೊಡಿ ಅಕ್ಕಾ" ಎಂದೆ. ಅದರ ಮೊದಲ ಗುಟುಕನ್ನೂ ಅವರೇ ಕುಡಿದರು...

ಅಕ್ಕ ಈಗಿಲ್ಲ. ನಿನ್ನ ಮೇಲೆ ನನಗೆ ಸಂಶಯವಿಲ್ಲ ಎಂಬ ಒಂದು ಮಾತನ್ನು ಹೇಳಬೇಕಾದವರು ಹೇಳದೆಯೇ ಹೋದರು, ಅಕ್ಕ ಅದನ್ನು ಕೇಳದೆಯೇ ಹೋದರು.