ಮಾಸ್ತರರ ಮೂರು ಅಂಕಣ

ಆ ದಿನವೂ ಮಾಸ್ತರರ ಬಲಗೈ ಹೆಬ್ಬೆರಳು ಪತ್ರಿಕೆಯ ಮಸಿಯಿಂದ ಕಪ್ಪಾಗಿತ್ತು. ಚಹಾದ ಗ್ಲಾಸಿನ ಮೇಲೂ ಅದರ ಗುರುತು ಬಿದ್ದಿತ್ತು. ಒಂಬತ್ತನೆಯ ನೋಟ್‌ಬುಕ್ಕು ಮುಚ್ಚಿಟ್ಟು, "ಇವತ್ತಿಗಿ ಸಾಕವ್ವ. ನಡುವಿನ ಅಂಕಣದ್ದು ನಾಳಿ ಹೇಳ್ತೀನಿ. ನಿನಗ ರೊಟ್ಟಿ ಬಡಿಯೋ ಹೊತ್ತಾತು," ಎಂದರು. ನಾನು ಪೆನ್ನು ಮುಚ್ಚಿ ಎದ್ದು ಬಂದೆ.

ವಾಡಿಯಲ್ಲಿ ನಮ್ಮದು ರೈಲ್ವೆ ಕ್ವಾರ್ಟರ್ಸು. ಹಿಂದಿನ ಓಣಿಯಲ್ಲಿ ಅವರ ಮನೆ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಲಿತು, ಮುಂದೆ ಕನ್ನಡ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. "ಇದೇ ಕಟ್ಟಿ ಮ್ಯಾಲ ಕುಂತು ನಿಜಾಮರ ರಾಜ್ಯ, ಹೈದರಾಬಾದ್, ಮೈಸೂರು, ಕರ್ನಾಟಕ, ನಾಲ್ಕೂ ನೋಡೀನಿ. ನಾ ಮಾತ್ರ ಎದ್ದಿಲ್ಲ," ಎಂದು ನಗುತ್ತಿದ್ದರು.

ಅದಕ್ಕೇ ಇರಬೇಕು, ಒಂದು ದೇಶ ಹೊರಗಿನವರ ಮುಂದೆ ತಾನು ಯಾರೆಂದು ಹೇಳಿಕೊಳ್ಳುತ್ತದೆ, ಆ ಮಾತು ಯಾವಾಗ ಬದಲಾಗುತ್ತದೆ ಎಂಬುದರ ಮೇಲೆಯೇ ಅವರ ಕಣ್ಣು. ಹೈದರಾಬಾದಿನ ಗಾಡಿಗೆ ಉರ್ದು ಪತ್ರಿಕೆ, ಸೊಲ್ಲಾಪುರದ ಗಾಡಿಗೆ ಮರಾಠಿ ಪತ್ರಿಕೆ ಬರುತ್ತಿದ್ದವು. ಎರಡನ್ನೂ ಓದಿ, ಮೂರು ಅಂಕಣದ ಗೆರೆ ಎಳೆದ ಪುಟದಲ್ಲಿ ಉರ್ದುವಿನಲ್ಲಿ ಬರೆದಿಡುತ್ತಿದ್ದರು. ಬಲಕ್ಕೆ, ಪರದೇಶದ ಸಭೆಗಳಲ್ಲಿ ನಮ್ಮವರು ನಮ್ಮ ದೇಶದ ಬಗ್ಗೆ ಆಡಿದ ಮಾತು. ಎಡಕ್ಕೆ, ಪರದೇಶದವರು ನಮ್ಮನ್ನು ಕಂಡ ಬಗೆ. ಮಾತು ಏಕೆ ಬದಲಾಯಿತು ಎಂಬುದು ನಡುವಿನ ಅಂಕಣಕ್ಕೆ. ಎರಡೂ ಕಡೆಯದನ್ನು ಗಟ್ಟಿಯಾಗಿ ಓದಿ ಕೇಳದೆ ಅದನ್ನು ತುಂಬುತ್ತಿರಲಿಲ್ಲ.

ಕಣ್ಣಿಗೆ ಪೊರೆ ಬರತೊಡಗಿದಾಗ ಅವರಿಗೆ ಅವಸರವಾಯಿತು. "ಈಗಿನ ಹುಡುಗರಿಗಿ ನನ್ನ ಉರ್ದು ಬರಂಗಿಲ್ಲ. ಕಣ್ಣು ಇರೋದ್ರಾಗ ಕನ್ನಡಕ್ಕ ತರಬೇಕು," ಎಂದು ಏಳನೆಯ ತರಗತಿ ಓದಿದ್ದ ನನ್ನನ್ನು ಕರೆದರು. ಅವರು ಭೂತಗನ್ನಡಿ ಹಿಡಿದು ಓದಿ ಕನ್ನಡದಲ್ಲಿ ಹೇಳುವುದು, ನಾನು ಬರೆದು ತಿರುಗಿ ಓದಿ ತೋರಿಸುವುದು.

ಒಮ್ಮೆ ನಾನು ಜಾಣತನ ಮಾಡಿದೆ. ಮೊದಲ ನೋಟ್‌ಬುಕ್ಕಿನಲ್ಲಿ ನಮ್ಮದು ಶಾಂತಿಯ ಹಳೆಯ ನಾಡು, ಏಷ್ಯಾದವರೆಲ್ಲ ಅಣ್ಣತಮ್ಮಂದಿರು ಎಂದಿತ್ತು. ಚೀನಾದ ಯುದ್ಧ ಆದಮೇಲಿನ ಪುಟದಲ್ಲಿ ಗಡಿ, ಸೈನ್ಯ, ಎಚ್ಚರದ ಮಾತು. ಎರಡನೆಯದನ್ನು ಮೊದಲಿನದಕ್ಕೆ ಹೊಂದಿಸಿ ಬರೆದೆ. ಓದಿ ತೋರಿಸುವಾಗ ಸಿಕ್ಕಿಬಿದ್ದೆ.

"ಇದು ನಾ ಹೇಳಿದ್ದಲ್ಲವ್ವ."

"ಮಾಸ್ತರ್ರೆ, ಹಿಂದ ಒಂದು ಹೇಳಿದ್ರಿ, ಈಗೊಂದು ಹೇಳಾಕತ್ತೀರಿ. ಕಣ್ಣು ಕಾಣದೆ ತಪ್ಪಿರಬೇಕಂತ ಸರಿ ಮಾಡೀನ್ರಿ."

ಕೆಮ್ಮು ಬರುವಷ್ಟು ನಕ್ಕರು. "ಏ ಬೇಟಿ, ಮಂತ್ರಿಗಳ ಕೈಲಿ ಆಗದ್ದು ನೀ ಮಾಡಿಬಿಟ್ಟಿ! ಮಾತು ಬದಲಾಗ್ಯಾದಲ್ಲ, ನನಗ ಬೇಕಾಗಿದ್ದೇ ಅದು. ಅದನ್ನೇ ಅಳಿಸಿದ್ರ ನಾ ಇಷ್ಟು ವರ್ಷ ಏನು ಹುಡುಕಿದಂಗಾತು?" ಆಮೇಲೆ ಮೆತ್ತಗೆ, "ನೀ ತವರುಮನ್ಯಾಗ ಒಂದು ನಮೂನಿ ಇರ್ತಿ, ಅತ್ತಿಮನ್ಯಾಗ ಒಂದು ನಮೂನಿ. ಅದೇನು ಸುಳ್ಳಾ?" ಎಂದರು.

ಅಲ್ಲಿಂದ ಮುಂದೆ ಅವರ ಒಂದು ಮಾತನ್ನೂ ನಾನು ತಿದ್ದಲಿಲ್ಲ.

ಒಂಬತ್ತನೆಯದನ್ನು ಮುಚ್ಚಿಟ್ಟ ಮರುದಿನ, ಹೈದರಾಬಾದಿನ ಗಾಡಿ ಬರುವ ಮೊದಲೇ, ನಿದ್ದೆಯಲ್ಲೇ ಹೋಗಿಬಿಟ್ಟರು. ಪತ್ರಿಕೆ ಎಂದಿನಂತೆ ಬಂತು. ಅವರ ಹೆಂಡತಿ ನೋಟ್‌ಬುಕ್ಕುಗಳನ್ನೆಲ್ಲ ನನ್ನ ಮಡಿಲಿಗೆ ಹಾಕಿ, "ನಿನ್ನ ಕಡೀನೇ ಇರ್ಲಿ," ಎಂದರು.

ಈಗ ಶಹಾಬಾದಿನಿಂದ, ಚಿತ್ತಾಪುರದಿಂದ ಕಾಲೇಜಿನ ಮಕ್ಕಳು ಬಂದು ನಮ್ಮ ಪಡಸಾಲೆಯಲ್ಲಿ ಕೂತು ಓದುತ್ತಾರೆ. ಚಹಾ ಕೊಡುತ್ತೇನೆ. ಮಾಸ್ತರರು ಬಯಸಿದ್ದು ಇದನ್ನೇ ಎಂದು ಸಮಾಧಾನವಾಗುತ್ತದೆ. ಕೊನೆಯ ನೋಟ್‌ಬುಕ್ಕಿನಲ್ಲಿ ಉಳಿದದ್ದನ್ನು ನೀವೇ ತುಂಬಿಬಿಡ್ರಿ ಎಂದು ಮಕ್ಕಳು ಹೇಳುತ್ತಾರೆ. ಅದು ನನ್ನಿಂದ ಆಗುವುದಿಲ್ಲ. ಅವರ ಉರ್ದುವಿನಲ್ಲೂ ನನ್ನ ಕನ್ನಡದಲ್ಲೂ ಒಂಬತ್ತನೆಯ ನೋಟ್‌ಬುಕ್ಕಿನ ಬಲ ತುಂಬಿದೆ, ಎಡ ತುಂಬಿದೆ. ನಡುವಿನ ಅಂಕಣ ಖಾಲಿ ಇದೆ.