ಮೂರನೇ ಕ್ರಾಸಿಗೆ ನೀರು ನಿಲ್ಲಿಸಿದ ಉಡಚಮ್ಮ

ಆವರಗೆರೆಯ ಅಂಚಿನಲ್ಲಿ, ಹೊಲಗಳೆಲ್ಲ ಸೈಟುಗಳಾದ ಕಡೆ, ಹೊಂಬೆಳಕು ಬಡಾವಣೆ ಇದೆ. ಐದು ಕ್ರಾಸು, ನೂರಾ ಚಿಲ್ಲರೆ ಮನೆ. ಬೋರ್‌ವೆಲ್ಲು, ಟ್ಯಾಂಕು, ಪೈಪು ಎಲ್ಲ ನಿವಾಸಿಗಳ ಸಂಘದ್ದೇ. ಅಲ್ಲಿ ನೀರು ಬಿಡುವ ಕೆಲಸ ಉಡಚಮ್ಮನದು.

ಮೊದಲು ಆ ಕೆಲಸ ಮಾಡುತ್ತಿದ್ದವನು ಆಕೆಯ ಗಂಡ ನಿಂಗಪ್ಪ. ಅವನು ತೀರಿಕೊಂಡಾಗ, ಹೆಂಗಸಿನ ಕೈಯಲ್ಲಿ ವಾಲ್ವ್ ತಿರುವುವುದು ಆಗದ ಮಾತು ಎಂದು ಸಂಘದವರು ಬೇರೆ ಆಳು ಹುಡುಕತೊಡಗಿದರು. ಹನ್ನೊಂದನೇ ದಿನದ ಕಾರ್ಯ ಮುಗಿಸಿದ ಮರುದಿನ ಬೆಳಿಗ್ಗೆ ಉಡಚಮ್ಮ ಐದೂ ಕ್ರಾಸಿನ ವಾಲ್ವ್ ತಿರುವಿ, ಎಲ್ಲರ ಮನೆಗೂ ನೀರು ತುಂಬಿಸಿ, ಅಧ್ಯಕ್ಷ ಪರಮೇಶ್ವರಪ್ಪನವರ ಗೇಟಿನ ಮುಂದೆ ಬಂದು ನಿಂತಳು. "ನೀರು ಬಂತಾ ಸಾರ್?" ಎಂದು ಕೇಳಿದಳು. ಬಂದಿತ್ತು. ಅಲ್ಲಿಗೆ ಹುಡುಕಾಟ ನಿಂತಿತು.

ಆಕೆ ಹುಟ್ಟಿದ್ದು ಹರಿಹರ ತಾಲ್ಲೂಕಿನ ಸಾರಥಿಯಲ್ಲಿ. ಒಂಬತ್ತು ವರ್ಷದವಳಿದ್ದಾಗ, ಒಂದು ಮಳೆಗಾಲದ ಬೆಳಿಗ್ಗೆ, ತಂಗಿ ಭಾಗ್ಯಳಿಗೆ ವಾಂತಿ-ಭೇದಿ ಶುರುವಾಯಿತು. ಮಗು ಇಡೀ ದಿನ ನೀರು ಕೇಳುತ್ತಿತ್ತು. ನೀರು ಕೊಟ್ಟಷ್ಟೂ ಭೇದಿ ಹೆಚ್ಚುತ್ತದೆ ಎಂದು ನಂಬಿದ್ದ ಮನೆಯ ಹಿರಿಯರು ಒಂದು ಗುಟುಕೂ ಕೊಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಗು ಇರಲಿಲ್ಲ. ಆವತ್ತು ಕೊಡಬೇಕಾಗಿದ್ದದ್ದೇ ನೀರು ಎಂಬುದು ಉಡಚಮ್ಮನಿಗೆ ಗೊತ್ತಾಗಿದ್ದು ನಲವತ್ತು ವರ್ಷದ ನಂತರ. ಬಡಾವಣೆಯ ಆಶಾ ಕಾರ್ಯಕರ್ತೆ ಲತಾ ಒಮ್ಮೆ ಹೆಂಗಸರನ್ನು ಸೇರಿಸಿ, ಭೇದಿಯಾದಾಗ ಸಾಯುವುದು ಮೈಯ ನೀರು ಬತ್ತಿ ಎಂದು ಹೇಳಿಕೊಟ್ಟಳು. ಉಡಚಮ್ಮ ಅರ್ಧದಲ್ಲೇ ಎದ್ದು ಟ್ಯಾಂಕಿನ ಹಿಂದೆ ಹೋಗಿ ಕೂತು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ವಾಪಸು ಬಂದು, "ಇನ್ನೊಂದು ಸಲ ಹೇಳು" ಎಂದಳು.

ಎರಡು ವರ್ಷದ ಹಿಂದೆ, ಜೂನಿನಲ್ಲಿ ಮೊದಲ ಮಳೆ ಸುರಿದ ವಾರ, ಒಂದು ಸೋಮವಾರ ಬೆಳಿಗ್ಗೆ ಲತಾ ಟ್ಯಾಂಕಿನ ಬಳಿ ಓಡಿಬಂದಳು.

"ಅಕ್ಕಾ, ಮೂರನೇ ಕ್ರಾಸ್‌ನಾಗ ಏಳು ಮಂದಿಗೆ ವಾಂತಿ-ಭೇದಿ ಐತೆ. ಮೈಲಪ್ಪಜ್ಜನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರು."

"ಬ್ಯಾರೆ ಕ್ರಾಸ್‌ನಾಗ?"

"ಒಬ್ರಿಗೂ ಇಲ್ಲ."

"ಹಂಗಾರೆ ಟ್ಯಾಂಕಿನ ನೀರು ಕೆಟ್ಟಿಲ್ಲ. ಕೆಟ್ಟಿದ್ರೆ ಎಲ್ಲಾರಿಗೂ ಆಗ್ತಿತ್ತು. ದಾರಿಯಾಗೇನೋ ಆಗೈತೆ."

ಲತಾಳ ಚೀಲದಲ್ಲಿ ನೀರು ಪರೀಕ್ಷೆ ಮಾಡುವ ಸಣ್ಣ ಬಾಟಲಿ ಇತ್ತು. ಹೊಲಸು ಬೆರೆಯದೆ ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೆ ಅದರ ಹನಿ ಬಿದ್ದ ಕೂಡಲೇ ನೀರು ಹಳದಿಯಾಗುತ್ತದೆ. ಟ್ಯಾಂಕಿನ ನೀರು ಹಳದಿಯಾಯಿತು. ಎರಡನೇ ಕ್ರಾಸಿನದೂ ಆಯಿತು. ಮೂರನೇ ಕ್ರಾಸಿನ ನಲ್ಲಿಯಿಂದ ಹಿಡಿದ ನೀರಿಗೆ ಎಷ್ಟು ಹನಿ ಹಾಕಿದರೂ ಬಣ್ಣ ಬರಲಿಲ್ಲ.

ಇಬ್ಬರೂ ಪೈಪಿನ ಜಾಡು ಹಿಡಿದು ನಡೆದರು. ಕ್ರಾಸಿನ ಆರಂಭದಲ್ಲೇ ಪೈಪು ಚರಂಡಿಯೊಳಗಿಂದ ಹಾದುಹೋಗುತ್ತದೆ. ಅಲ್ಲೊಂದು ಹೊಸ ಮನೆ. ಅದಕ್ಕೆ ಕಲ್ಲು ತಂದ ಲಾರಿಯ ಚಕ್ರ ಹತ್ತಿ ಚರಂಡಿಯ ಚಪ್ಪಡಿ ಮುರಿದಿತ್ತು, ಮುರಿದ ತುಂಡು ಪೈಪಿನ ಮೇಲೆ ಬಿದ್ದಿತ್ತು. ಉಡಚಮ್ಮ ಸೀರೆ ಎತ್ತಿ ಕಟ್ಟಿ ಚರಂಡಿಗಿಳಿದು ಕೈಯಾಡಿಸಿದಳು. ಬೆರಳುದ್ದದ ಬಿರುಕು. ನೀರು ಬಿಟ್ಟಾಗ ಅದರಿಂದ ನೀರು ಹೊರಗೆ ಚಿಮ್ಮುತ್ತದೆ. ನಿಲ್ಲಿಸಿದಾಗ ಖಾಲಿಯಾದ ಪೈಪು ಚರಂಡಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಮೇಲಿನ ಎರಡು ಮನೆಯ ಪಾಯಿಖಾನೆಯ ನೀರೂ ಅದೇ ಚರಂಡಿಗೆ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಆ ವಾಲ್ವ್ ತಿರುವಿದ್ದು ತನ್ನದೇ ಕೈ ಎಂಬುದು ಆಕೆಗೆ ನೆನಪಾಯಿತು. ಮೂರನೇ ಕ್ರಾಸಿನ ವಾಲ್ವ್ ಬಿಗಿಯಾಗಿ ಮುಚ್ಚಿ, ತಿರುವುವ ಕಬ್ಬಿಣದ ಕೀಲಿಯನ್ನು ಕೈಯಲ್ಲೇ ಹಿಡಿದುಕೊಂಡಳು.

ಅರ್ಧ ಗಂಟೆಯಲ್ಲಿ ಪರಮೇಶ್ವರಪ್ಪ ಬಂದರು. ಆ ಹೊಸ ಮನೆ ಅವರ ಮಗಳದು. ಬುಧವಾರ ಗೃಹಪ್ರವೇಶ, ಮುನ್ನೂರು ಜನಕ್ಕೆ ಅಡುಗೆ. ಜೊತೆಗೆ ಪ್ಲಂಬರ್ ಸಿದ್ದೇಶನನ್ನೂ ಕರೆತಂದಿದ್ದರು.

"ಯಾರನ್ನ ಕೇಳಿ ಬಂದ್ ಮಾಡ್ದೆ?"

"ಯಾರನ್ನೂ ಕೇಳಿಲ್ಲ ಸಾರ್. ಪೈಪು ಒಡೆದೈತೆ. ಚರಂಡಿ ನೀರು ಮನೆಗೆ ಹೋಗಾಕತ್ತೈತೆ."

"ಪಾನಿಪುರಿ ತಿಂದು ಭೇದಿ ಹಚ್ಕೊಂಡಿರ್ತಾರೆ. ಅದಕ್ಕೂ ನೀರಿಗೂ ಏನು ಸಂಬಂಧ? ಗುರುವಾರ ರಿಪೇರಿ ಮಾಡ್ಸೋಣ. ಈಗ ಬಿಡು."

"ಬಿಡಂಗಿಲ್ಲ."

"ಕೆಲಸ ಬೇಕೋ ಬ್ಯಾಡೋ ನಿಂಗೆ?"

"ಬೇಕು ಸಾರ್. ಅದಕ್ಕೇ ಬಿಡಂಗಿಲ್ಲ ಅನ್ನೋದು."

ಪರಮೇಶ್ವರಪ್ಪ ಸಿದ್ದೇಶನಿಗೆ ಕಣ್ಸನ್ನೆ ಮಾಡಿದರು. ಅವನು ಸ್ಪ್ಯಾನರ್ ಹಿಡಿದು ಮುಂದೆ ಬರುವಷ್ಟರಲ್ಲಿ ಉಡಚಮ್ಮ ವಾಲ್ವಿನ ಗುಂಡಿಯ ಮುಚ್ಚಳದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ತಮ್ಮಾ, ಮೊದ್ಲು ಹೋಗಿ ಆ ಪೈಪು ನೋಡ್ಕೊಂಡು ಬಾ. ನೋಡಿದ ಮ್ಯಾಲೂ ತಿರುವ್ತೀನಂದ್ರೆ ನಾನೇ ಎದ್ದು ಜಾಗ ಬಿಡ್ತೀನಿ."

ಸಿದ್ದೇಶ ಹೋದ. ಬಗ್ಗಿ ನೋಡಿದ. ವಾಪಸು ಬಂದವನು ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡ. "ನನ್ ಕೈಲಾಗಲ್ಲ ಸಾರ್," ಎಂದಷ್ಟೇ ಹೇಳಿ ಬೈಕ್ ಹತ್ತಿದ.

ಪರಮೇಶ್ವರಪ್ಪ ಹೋದರು, ಆದರೆ ಕ್ರಾಸಿನ ಜನ ಬಂದರು. ಕುಡಿಯಲು ಇಲ್ಲ, ತೊಳೆಯಲು ಇಲ್ಲ, ಬಡಾವಣೆಯೇನು ನಿನ್ನಪ್ಪನದಾ ಎಂದು ಕೂಗಾಡಿದರು. ಉಡಚಮ್ಮ ಬೈಗುಳ ಎಲ್ಲ ಕೇಳಿಸಿಕೊಂಡಳು. "ಬೈರಿ, ಎಷ್ಟಾರ ಬೈರಿ. ಆದ್ರೆ ಕೊಡ ತಗೊಂಡು ಟ್ಯಾಂಕಿನ ಬುಡಕ್ಕೆ ಬರ್ರಿ. ಮನ್ಯಾಗಿರೋ ಹಳೇ ನೀರು ಚೆಲ್ರಿ. ಕುಡಿಯೋ ನೀರು ಕುದಿಸ್ರಿ, ಬರೀ ಬೆಚ್ಚಗಾದ್ರೆ ಸಾಲದು, ಕೊತಕೊತ ಅನ್ನಬೇಕು." ಲತಾ ಒಂದೊಂದೇ ಮನೆಗೆ ಹೋಗಿ, ಕಾಯಿಲೆಯವರ ಬಟ್ಟೆ ತೊಳೆದ ಮೇಲೆ, ಪಾಯಿಖಾನೆಗೆ ಹೋಗಿ ಬಂದ ಮೇಲೆ, ಅಡುಗೆಗೆ ಮುಂಚೆ ಸೋಪು ಹಚ್ಚಿ ಕೈ ತೊಳೆಯಬೇಕು ಎಂದು ಹೇಳುತ್ತ, ಓಆರ್‌ಎಸ್ ಪೊಟ್ಟಣ ಕೊಡುತ್ತ ಬಂದಳು.

ಮಧ್ಯಾಹ್ನ ಲತಾ ಉಡಚಮ್ಮನನ್ನು ಅದೇ ಕ್ರಾಸಿನ ಸುನೀತಾ ಎಂಬವಳ ಮನೆಗೆ ಕರೆದಳು. ಸುನೀತಾಳ ಮೂರು ವರ್ಷದ ಮಗಳು ಚಾಪೆಯ ಮೇಲೆ ಬಿದ್ದಿದ್ದಳು, ಕಣ್ಣುಗಳು ಒಳಗೆ ಹೋಗಿದ್ದವು. ಸುನೀತಾಳ ಅತ್ತೆ ಬಾಗಿಲಲ್ಲಿ ನಿಂತಿದ್ದಳು.

"ಕುಡಿಸಿದ್ದೆಲ್ಲ ಕಕ್ತೈತೆ. ನೀರು ಕೊಡಬ್ಯಾಡ್ರಿ ಅಂದೆ, ಈಕಿ ಕೇಳಾಕೆ ತಯಾರಿಲ್ಲ," ಎಂದಳು ಲತಾಳನ್ನು ತೋರಿಸಿ.

ಉಡಚಮ್ಮ ಒಳಗೆ ಹೋಗಿ ಮಗುವನ್ನು ಮಡಿಲಿಗೆ ಎತ್ತಿಕೊಂಡಳು. ಲತಾ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಇಡೀ ಪೊಟ್ಟಣ ಕಲಸಿದಳು. ಉಡಚಮ್ಮ ಚಮಚದಲ್ಲಿ ಒಂದೊಂದೇ ಗುಟುಕು ಹಾಕಿದಳು. ಮಗು ಕಕ್ಕಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದಳು.

"ಹೇಳಿದ್ರೆ ಯಾಕ ಕೇಳಂಗಿಲ್ಲ ನೀನು?" ಅತ್ತೆ ಗದರಿದಳು.

"ನನ್ ತಂಗಿ ಹಿಂಗೇ ನೀರು ಕೇಳ್ತಾ ಕೇಳ್ತಾ ಹೋದ್ಳು ಕಣಮ್ಮ. ಯಾರೂ ಕೊಡ್ಲಿಲ್ಲ. ಈ ಮನ್ಯಾಗ ಅದಾಗಾಕ ನಾನು ಬಿಡಲ್ಲ. ಕೂಡ್ರಿ, ನೀವೂ ಒಂದು ಚಮಚ ಹಾಕ್ರಿ."

ಅತ್ತೆ ಕೂತಳು. ಸಂಜೆಯ ಹೊತ್ತಿಗೆ ಮಗು ಉಚ್ಚೆ ಹೊಯ್ದು ಮಡಿಲು ಒದ್ದೆ ಮಾಡಿತು. ಮೈಯಲ್ಲಿ ನೀರು ನಿಂತ ಗುರುತು ಅದು. ಉಡಚಮ್ಮ ಒದ್ದೆ ಸೀರೆಯಲ್ಲೇ ನಕ್ಕಳು.

ಮೈಲಪ್ಪಜ್ಜ ಉಳಿಯಲಿಲ್ಲ. ಒಂದು ಕಾಲಕ್ಕೆ ದಾವಣಗೆರೆಯ ಬಟ್ಟೆ ಗಿರಣಿಯಲ್ಲಿ ದುಡಿದಿದ್ದ ಗಟ್ಟಿ ಮುದುಕ. ಭಾನುವಾರವಿಡೀ ಯಾರಿಗೂ ಹೇಳದೆ ಸಹಿಸಿಕೊಂಡಿದ್ದ. ಬುಧವಾರ ಆಸ್ಪತ್ರೆಯಿಂದ ಹೆಣ ಬಂತು. ಗೃಹಪ್ರವೇಶ ಮುಂದಕ್ಕೆ ಹೋಯಿತು. ಉಡಚಮ್ಮ ಅಜ್ಜನ ಕಾಲ ಬಳಿ ಬಹಳ ಹೊತ್ತು ಕೂತಿದ್ದಳು. ಒಂದು ದಿನ ಮೊದಲೇ ಪೈಪು ನೋಡಿದ್ದರೆ ಎಂಬ ಮಾತು ಆಕೆಯನ್ನು ಈಗಲೂ ಬಿಟ್ಟಿಲ್ಲ.

ಲತಾ ಸೋಮವಾರವೇ ಲ್ಯಾಬಿಗೆ ಕಳಿಸಿದ್ದ ನೀರಿನ ಪರೀಕ್ಷೆಯ ವರದಿ ಶನಿವಾರ ಬಂತು. ಟ್ಯಾಂಕಿನ ನೀರು ಶುದ್ಧ, ಮೂರನೇ ಕ್ರಾಸಿನದರಲ್ಲಿ ಮಲದ ಅಂಶ. ಆದರೂ ಭಾನುವಾರದ ಸಂಘದ ಸಭೆಯಲ್ಲಿ ಪರಮೇಶ್ವರಪ್ಪ ಒಂದು ಹಾಳೆ ಮುಂದಿಟ್ಟರು. ಅನುಮತಿಯಿಲ್ಲದೆ ನೀರು ನಿಲ್ಲಿಸಿದ್ದು ತಪ್ಪಾಯಿತು, ಮುಂದೆ ಹೀಗೆ ಮಾಡುವುದಿಲ್ಲ ಎಂದು ಬರೆದಿತ್ತು. "ಸಹಿ ಹಾಕು, ಇಲ್ಲಿಗೆ ಮುಗಿಸೋಣ," ಎಂದರು.

ಉಡಚಮ್ಮ ಹಾಳೆ ಓದಿಸಿಕೊಂಡು ಕೇಳಿ, ಮಡಚಿ, ಮೇಜಿನ ಮೇಲಿಟ್ಟಳು.

"ಇದಕ್ಕೆ ಸಹಿ ಹಾಕಿದ್ರೆ ನಾಳೆ ಇನ್ನೊಂದು ಪೈಪು ಒಡೆದಾಗ ವಾಲ್ವ್ ಮುಚ್ಚಾಕ ನಂಗೆ ಕೈ ಬರಲ್ಲ ಸಾರ್. ನಾನು ಮಾಡಿದ ತಪ್ಪು ಒಂದೇ, ಒಂದು ದಿನ ತಡವಾಗಿ ಮುಚ್ಚಿದೆ. ಅದನ್ನ ಬರೀರಿ, ಹೆಬ್ಬೆಟ್ಟು ಒತ್ತುತೀನಿ. ಪೈಪು ಚರಂಡಿ ಬಿಟ್ಟು ಮ್ಯಾಲೆ ಹಾಕ್ಸಿ. ದಿನಾ ಬೆಳಿಗ್ಗೆ ಐದೂ ಕ್ರಾಸ್‌ನಾಗ ನೀರು ಪರೀಕ್ಷೆ ಮಾಡಾಕ ಬಾಟಲಿ ಕೊಡ್ಸಿ. ಇಲ್ಲಾಂದ್ರೆ ನನ್ನ ತೆಗೀರಿ."

ಹಿಂದಿನ ಸಾಲಿನಿಂದ ಸುನೀತಾಳ ಅತ್ತೆ ಎದ್ದು, "ಈಕಿನ್ನ ತೆಗೆದ್ರೆ ಮೊದ್ಲು ನನ್ ಹೆಸರು ಸಂಘದಿಂದ ತೆಗೀರಿ," ಎಂದಳು. ಮೂರನೇ ಕ್ರಾಸಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು.

ಹತ್ತು ದಿನದಲ್ಲಿ ಪೈಪು ಚರಂಡಿಯಿಂದ ಮೇಲೆ ಬಂತು, ಪರೀಕ್ಷೆಯ ಬಾಟಲಿ ಉಡಚಮ್ಮನ ಕೈಗೆ ಬಂತು. ಪಾಯಿಖಾನೆಯ ನೀರು ಬಿಡುತ್ತಿದ್ದ ಎರಡು ಮನೆಗಳವರು ಗುಂಡಿ ತೋಡಿಸಿದರು. ಪರಮೇಶ್ವರಪ್ಪ ಮಾತ್ರ ಇವತ್ತಿಗೂ ಉಡಚಮ್ಮನ ಜೊತೆ ಮಾತಾಡುವುದಿಲ್ಲ. ಎದುರಿಗೆ ಕಂಡರೆ ಸ್ಕೂಟರ್ ಬೇರೆ ಕ್ರಾಸಿಗೆ ತಿರುಗಿಸುತ್ತಾರೆ.

"ತಿರುಗಿಸ್ಲಿ ಬಿಡು," ಎನ್ನುತ್ತಾಳೆ ಆಕೆ. "ಆ ಕ್ರಾಸಿಗೂ ನೀರು ಬಿಡಾಕೆ ನಾನೇ ಹೋಗಬೇಕಲ್ಲ."