ಬಂಗಲೆಯ ಮುಂದಿನ ಕರಕಿ

ಎಪ್ಪತ್ತರ ದಶಕದ ಮೊದಲಿಗೆ ನಾವು ಸಿಂದಗಿಯಲ್ಲಿ ಒಂದು ಸರಕಾರಿ ಬಂಗಲೆಯ ಹಿಂದಿನ ಖೋಲಿಯಲ್ಲಿದ್ದೆವು. ನಮ್ಮ ಮನೆಯವರು ಅಲ್ಲಿ ದಿನಗೂಲಿ ಮಾಲಿ. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಸಾಹೇಬರಿಗೆ ಬಂಗಲೆಯ ಮುಂದಿನ ಬೋಳು ಕರಿನೆಲ ನೋಡಿದರೆ ಆಗುತ್ತಿರಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ದೊಡ್ಡ ಸಾಹೇಬರು ಬರುವವರಿದ್ದರು. ಅಷ್ಟರಲ್ಲಿ ಅಲ್ಲಿ ಹಸಿರು ಹಾಸಬೇಕೆಂದು ನಮ್ಮ ಸಾಹೇಬರು ಇವರಿಗೆ ಹೇಳಿದರು.

"ಹುಲ್ಲು ಚೆನ್ನಾಗಿ ಬರಲಿ, ನಿನ್ನ ಹೆಸರು ಖಾಯಂಗೆ ಬರೆದು ಕಳಿಸ್ತೀನಿ."

ಬರದಿದ್ದರೆ ಏನು ಅಂತ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಕೆಲಸ ಹೋದರೆ ಅದರ ಹಿಂದೆ ಖೋಲಿಯೂ ಹೋಗುತ್ತಿತ್ತು.

ಆಗ ಮಾವನವರೂ ಊರಿನಿಂದ ಬಂದು ನಮ್ಮ ಹತ್ತಿರವೇ ಇದ್ದರು. ನಮ್ಮ ಕಡೆ ಬಿತ್ತುವ ಮೊದಲು ಹೊಲದಲ್ಲಿ ಕುರಿಹಿಂಡು ನಿಲ್ಲಿಸುವುದು ರೂಢಿ. ರಾತ್ರಿಯೆಲ್ಲ ಅವು ಹಾಕುವ ಹಿಕ್ಕೆ, ಉಚ್ಚೆಯೇ ಹೊಲಕ್ಕೆ ಗೊಬ್ಬರ. "ಹೊಲ ಆದರೇನು, ಅಂಗಳ ಆದರೇನು, ಕುರಿ ನಿಲ್ಲಸ್ರಿ" ಅಂದರು ಮಾವ. ಇವರೂ ಹೂಂ ಅಂದರು. ಸಾಹೇಬರು ಊರಲ್ಲಿಲ್ಲದಾಗ ಕುರುಬರ ಹಿಂಡು ಬಂದು ನಿಂತು ಹೋಯಿತು. ತಿರುಗಿ ಬಂದ ಸಾಹೇಬರು ಮೂಗಿಗೆ ವಸ್ತ್ರ ಹಿಡಿದುಕೊಂಡೇ ಒಳಗೆ ಹೋದರು.

ಆಲಮೇಲದ ಕಡೆ ಹೊಳೆಯ ದಂಡೆಯಲ್ಲಿ ಬೆಳೆದ ಕರಕಿ ಹುಲ್ಲನ್ನು ಬೇರು ಮಣ್ಣು ಸಮೇತ ಚೌಕ ಚೌಕ ಕಡಿದು, ಹಸಿ ಚೀಲ ಹೊದಿಸಿ ಲಾರಿಯಲ್ಲಿ ತಂದರು. ಇವರು ಚೌಕಕ್ಕೆ ಚೌಕ ಕೂಡಿಸಿ, ಅಂಗೈಯಿಂದ ಬಡಿದು ಕೂಡ್ರಿಸುತ್ತಿದ್ದರೆ ಓಣಿಯ ಹೆಂಗಸರು ಬೇಲಿಯಾಚೆ ನಿಂತು ನೋಡಿದರು.

"ನಾವು ಹೊಲದಾಗಿನ ಕರಕಿ ಅಗಿಯಾಕ ಆಳ ಹಚ್ತೀವಿ. ನಿನ್ನ ಗಂಡ ಅದನ್ನ ತಂದು ಹಚ್ಚಾಕತ್ತಾನಲ್ಲವಾ."

"ಸರಕಾರದ ಕರಕಿ ಬ್ಯಾರೆ ಇರತೈತಿ ತಗೋ ಯಕ್ಕಾ" ಅಂದೆ. ಎಲ್ಲರೂ ನಕ್ಕೆವು.

ಆ ವಾರವೇ ಊರಲ್ಲಿ ಡಂಗುರ ಸಾರಿದರು. ಕೆರೆಯ ನೀರು ತಳಕ್ಕೆ ಹೋಗಿತ್ತು. ನಳ ಇನ್ನು ದಿನ ಬಿಟ್ಟು ದಿನ, ಅದೂ ಕುಡಿಯಲು ಮತ್ತು ಅಡಿಗೆಗೆ ಮಾತ್ರ. ಗಿಡಕ್ಕೆ ಹಾಕಿದ್ದು ಕಂಡರೆ ನಳ ಕಡಿಯುತ್ತಾರೆ. ಬಂಗಲೆಯ ನಳಕ್ಕೂ ಅದೇ ಹುಕುಂ.

ಬಂಗಲೆಯ ಬಚ್ಚಲ ನೀರು ಹೊರಬೀಳುವಲ್ಲಿ ಇವರು ಅರ್ಧ ಪೀಪಾಯಿ ಹೂಳಿದರು. ನಾನು ಪಲ್ಯ ತೊಳೆದದ್ದು, ಅಕ್ಕಿ ತೊಳೆದದ್ದು, ಮಾವ ಕೈಕಾಲು ತೊಳೆದದ್ದು ಎಲ್ಲ ಬಕೆಟ್ಟಿನಲ್ಲಿ ಹಿಡಿದೆ. ಅದನ್ನು ಇವರು ತಂಬಿಗೆಯಿಂದ ಒಂದೊಂದು ಸಂದಿಗೆ ಬಿಟ್ಟುಕೊಂಡು ಹೋಗುತ್ತಿದ್ದರು. ಈ ತುದಿ ಮುಗಿಸುವುದರೊಳಗೆ ಆ ತುದಿ ಆರಿರುತ್ತಿತ್ತು. ಅಂಚಿನಿಂದ ಹುಲ್ಲು ಹಳದಿಯಾಗುತ್ತ ಬಂತು.

ಒಂದು ಮುಂಜಾನೆ ಇವರು ಒಂದು ಚೌಕ ಎತ್ತಿ ನನ್ನನ್ನು ಕರೆದರು. "ಕೆಳಗ ಕೈ ಇಟ್ಟ ನೋಡು." ನೆಲ ಜ್ವರ ಬಂದವರ ಮೈಯ ಹಾಗೆ ಬಿಸಿ ಇತ್ತು. ಬೇರು ಕಂದಿದ್ದವು. ಕುರಿಗೊಬ್ಬರದ ಕಾವು. ಹೊಲದಲ್ಲಾದರೆ ಮಳೆ ಬಿದ್ದು ಆ ಕಾವು ತಣಿಯುತ್ತದೆ.

ಮಾವ ಬಂದು ನೋಡಿ ಕಟ್ಟೆಯ ಮೇಲೆ ಕುಳಿತುಬಿಟ್ಟರು. "ಮಳಿ ನಂಬಿ ಹಾಕೋ ಗೊಬ್ಬರ ಇದು. ನಾನ ಹೇಳಿ ಹಾಕಿಸಿದ್ನಲ್ಲೋ."

"ನಾನೂ ಹೂಂ ಅಂದಿದ್ನಲ್ಲಪ್ಪಾ" ಅಂದರು ಇವರು. ತಂದೆ ಮಗ ಆಮೇಲೆ ಆ ಮಾತು ಎತ್ತಲಿಲ್ಲ, ಆದರೆ ಮಾವ ರೊಟ್ಟಿ ಅರ್ಧಕ್ಕೇ ಬಿಟ್ಟು ಏಳತೊಡಗಿದರು.

ಅದರ ಮರುದಿನ ಮಧ್ಯಾಹ್ನ ಇವರು ಒಳಗೆ ಬಂದು ಕುಡಿಯುವ ನೀರಿನ ಕೊಡಗಳ ಮುಂದೆ ನಿಂತರು. ನಾನು ಜೋಳ ಹಸನು ಮಾಡುತ್ತಿದ್ದೆ.

"ಒಂದ ಕೊಡ ಒಯ್ಯಲೇನ?"

"ಒಯ್ಯಿರಿ. ನಾಳಿ ನಳ ಬರೂತನಕಾ ನಿಮ್ಮಪ್ಪಗ ಏನ ಕುಡಿಸೂದು, ಅದನ್ನಷ್ಟ ಹೇಳಿ ಒಯ್ಯಿರಿ."

ಕೊಡದ ಕಂಠಕ್ಕೆ ಹಾಕಿದ ಕೈ ತೆಗೆದು ಹೊರಗೆ ಹೋದರು. ಸಂಜೆಯವರೆಗೆ ಗುದ್ದಲಿಯ ಸಪ್ಪಳ ಕೇಳುತ್ತಿತ್ತು. ಹೋಗಿ ನೋಡಿದರೆ ಇಡೀ ಅಂಗಳದ ಹುಲ್ಲು ಎತ್ತಿ ಗುಡ್ಡೆ ಹಾಕಿದ್ದರು. ಜೀವ ಇದ್ದ ಚೌಕಗಳನ್ನಷ್ಟು ಆರಿಸಿ ಬೇವಿನ ನೆರಳಿಗೆ ಇಟ್ಟು, ಮೇಲೆ ಹಸಿ ಚೀಲ ಹೊದಿಸಿದ್ದರು. ಮರುದಿನ ಬಂಗಲೆಯ ಮೆಟ್ಟಿಲ ಎರಡೂ ಬದಿಗೆ ಮಾತ್ರ ಗೊಬ್ಬರದ ಮಣ್ಣು ಕೆರೆದು, ಹಳ್ಳದ ಉಸುಕು ಹಾಕಿ, ಆ ಚೌಕಗಳನ್ನು ಕೂಡಿಸಿದರು. ಬಚ್ಚಲ ನೀರು ಅಷ್ಟಕ್ಕೆ ಸಾಲುತ್ತಿತ್ತು. ಅದು ಬದುಕಿತು. ಉಳಿದ ಅಂಗಳ ಮೊದಲಿಗಿಂತ ಬೋಳಾಗಿ ಕಂಡಿತು.

ಸಾಹೇಬರು ಬಂದು ನೋಡಿದರು. "ಇಷ್ಟೇನಾ?"

"ಇಷ್ಟಕ್ಕ ಆಗೂವಷ್ಟ ನೀರ ಅದಾವ್ರಿ ಸಾಹೇಬ್ರ."

ಅವರು ಸಿಟ್ಟೂ ಮಾಡಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. ದೊಡ್ಡ ಸಾಹೇಬರು ಬಂದರು, ಊಟ ಮಾಡಿದರು, ಹೋದರು. ಹುಲ್ಲಿನ ಕಡೆ ನೋಡಿದರೋ ಇಲ್ಲವೋ ಗೊತ್ತಿಲ್ಲ. ಆ ವರ್ಷ ಇವರ ಹೆಸರು ಖಾಯಂಗೆ ಹೋಗಲಿಲ್ಲ.

"ನಾಳಿಂದ ಬರಬ್ಯಾಡ ಅಂದಿಲ್ಲಲ್ಲ, ಸುಮ್ಮಿರು" ಅಂದರು ಇವರು. ಆದರೆ ಆಮೇಲೆ ಎಷ್ಟೋ ತಿಂಗಳು, ಬಂಗಲೆಯ ಜವಾನ ನಮ್ಮ ಬಾಗಿಲಿಗೆ ಬಂದು "ಸಾಹೇಬ್ರು ಕರೀತಾರ" ಅಂದಾಗಲೆಲ್ಲ, ರೊಟ್ಟಿ ಬಡಿಯುವ ನನ್ನ ಕೈ ಹಿಟ್ಟಿನ ಮೇಲೆಯೇ ನಿಂತುಬಿಡುತ್ತಿತ್ತು. ಇವರು ತಿರುಗಿ ಬಂದು ಗುದ್ದಲಿ ಎತ್ತಿಕೊಂಡದ್ದು ಕಂಡ ಮೇಲೆಯೇ ಮುಂದಿನ ರೊಟ್ಟಿ.